ಬೋರಲುಬಾನಿ

ಹಿರೇಮಟ್ಟಿಯಿಂದ ಹಳ್ಳದ ಕಡೆಗೆ ಇಳಿಯುವ ದಾರಿಯಲ್ಲಿ, ಎರೆಹೊಲಗಳ ನಡುವೆ, ಬೇವಿನ ಮರದ ಕೆಳಗೆ ಒಂದು ದೊಡ್ಡ ಕಲ್ಲುಬಾನಿ ಬೋರಲು ಬಿದ್ದಿದೆ. ಎಂಟು ಕುದುರೆ ಒಟ್ಟಿಗೆ ನಿಂತು ನೀರು ಕುಡಿಯಬಹುದಾದಷ್ಟು ಉದ್ದದ್ದು. ಹೊಸಬರು ಅದನ್ನು ಕಟ್ಟೆಯೆಂದು ತಿಳಿದು ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಊರವರು ಮಾತ್ರ ಕೂರುವುದಿಲ್ಲ. ಸುತ್ತ ಮೂರು ಹರದಾರಿ ಎಲ್ಲಿ ತೋಡಿದರೂ ಸವಳು ನೀರು, ಬಾನಿಯ ಪಕ್ಕದ ಈ ಬಾವಿಯದೊಂದೇ ಸಿಹಿ. ಅಂಥ ನೀರಿನ ಬಾನಿಯನ್ನು ಮಗುಚಿದ ಪುಣ್ಯಾತ್ಮ ಯಾರು ಎಂದು ಕೇಳಿದರೆ ಹಿರಿಯರು ಮೊದಲು ಬೈದು ಆಮೇಲೆ ಹೇಳುತ್ತಾರೆ.

ಹಿಂದೆ ಒಮ್ಮೆ, ಮೋಟಾರಿನ ಹೆಸರೇ ಇಲ್ಲದ ಕಾಲದಲ್ಲಿ, ಇದು ಕುದುರೆಯ ಮೇಲೆ ಹೇರು ಸಾಗಿಸುವವರ ದಾರಿಯಾಗಿತ್ತು. ಅವರದೊಂದು ಪದ್ಧತಿ. ದಾರಿಯಲ್ಲಿ ಸಿಕ್ಕವನ ಹೆಸರು, ಊರು, ಜಾತಿ ಕೇಳಬಾರದು. ಕುದುರೆಯ ಹೆಸರು ಕೇಳಬೇಕು, ಅವನನ್ನೂ ಅದೇ ಹೆಸರಿನಿಂದ ಕರೆಯಬೇಕು. ಬಾನಿಗೆ ಎಲ್ಲರ ಕುದುರೆಗಳೂ ಒಟ್ಟಿಗೆ ಬಾಯಿ ಹಾಕಬೇಕು. ತನ್ನ ಕುದುರೆಯನ್ನು ಹಿಂದೆ ಹಿಡಿದವನು ಉಳಿದವರಿಗೆ ಹೇಸಿದಂತೆ. ಉಪ್ಪು ಹೇರುತ್ತಿದ್ದ ಕಲ್ಲಿನಾಥನಿಗೆ ಈ ಬಾನಿಯೇ ತವರು. ಊರಲ್ಲಿ ಅವನಿಗೆ ಹೆಂಡತಿ ಮಕ್ಕಳಿಲ್ಲ, ಅಣ್ಣತಮ್ಮಂದಿರು ಮುಖ ತಿರುಗಿಸಿದವರು. ಇಲ್ಲಿ ಮಾತ್ರ ಆರಡಿಯ ಆ ಹುರಿಮೀಸೆಯ ಗಂಡಸು ತನ್ನ ಹೆಣ್ಣುಕುದುರೆಯ ಹೆಸರಿನಿಂದ 'ಚುಕ್ಕಿ' ಎಂದು ಕರೆಸಿಕೊಂಡು ಬಾಯ್ತುಂಬ ನಗುತ್ತಿದ್ದ. ಎಲ್ಲರಿಗಿಂತ ಹತ್ತಿರದವನು ಗುಲಾಲ ಎಂಬ ಕೆಂಪು ಕುದುರೆಯ ಒಡೆಯ, ಗುಲಾಲಜ್ಜ. ಒಂದು ಮಳೆಗಾಲ ಕಲ್ಲಿನಾಥ ಜ್ವರದಿಂದ ದಾರಿಯಲ್ಲೇ ಬಿದ್ದಾಗ ಮುದುಕ ತನ್ನ ಹೇರನ್ನೆಲ್ಲ ಇಳಿಸಿ, ಅವನನ್ನು ಗುಲಾಲನ ಬೆನ್ನಿಗೇರಿಸಿ ವೈದ್ಯನ ಬಾಗಿಲು ಮುಟ್ಟಿಸಿದ್ದ. ಆಗಲೂ ಹೆಸರು ಕೇಳಿರಲಿಲ್ಲ.

ಒಂದು ಬೇಸಗೆ ಚುಕ್ಕಿಯ ಗಲ್ಲದ ಕೆಳಗೆ ಗಂಟು ಕಾಣಿಸಿತು, ಮೂಗು ಸೋರಿತು. ಗಂಟಲುಬೇನೆ. ಅದು ಎಂಜಲಿನಿಂದ ಹರಡುವ ರೋಗವೆಂದು ಕುದುರೆ ಕಟ್ಟಿದ ಯಾರಿಗೆ ಗೊತ್ತಿಲ್ಲ? ಕಲ್ಲಿನಾಥನಿಗೂ ಗೊತ್ತಿತ್ತು. ಮೂಗು ಒರೆಸಿ, ಗಂಟಿಗೆ ಬಟ್ಟೆ ಸುತ್ತಿ, ದೂರದಲ್ಲೇ ನಿಂತು ಮಾತಾಡಿಸಿ ಹೋದರಾಯಿತೆಂದು ಬಂದ. ಬಾನಿಯ ಬಳಿ ಆಗಲೇ ಆರು ಕುದುರೆಗಳಿದ್ದವು.

"ಬಾರೋ ಚುಕ್ಕಿ, ಎಲ್ಲಿ ಸತ್ತಿದ್ದಿ ಇಷ್ಟ ದಿನ?" ಎಂದು ಗುಲಾಲಜ್ಜ ಕೂಗಿದ. ಕಲ್ಲಿನಾಥ ಲಗಾಮು ಬಿಗಿಹಿಡಿದು ನಿಂತ. "ಯಾಕೋ, ನಮ್ಮ ಗುಲಾಲನ ಎಂಜಲ ನಿನಗ ಹೇಸಿಗಿ ಆತೇನು?" ಎಂದು ಮುದುಕ ಕೆಣಕಿದ. ಎಲ್ಲರೂ ಗೊಳ್ಳೆಂದು ನಕ್ಕರು. ಬೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಬೇನೆಯ ಕುದುರೆಯವನನ್ನು ವರ್ಷವಿಡೀ ಬಾನಿಗೆ ಸೇರಿಸುತ್ತಿರಲಿಲ್ಲ. ಒಂದು ವರ್ಷ ಯಾರಿಂದಲೂ ಚುಕ್ಕಿ ಎನಿಸಿಕೊಳ್ಳದೆ ಅವನು ಬದುಕುವುದು ಹೇಗೆ? ಅಯ್ಯೋ, ಗೆಳೆತನ ಉಳಿಸಿಕೊಳ್ಳಲು ಹೋಗಿ ಮೂಢ ಲಗಾಮು ಸಡಿಲ ಬಿಟ್ಟ. ಚುಕ್ಕಿ ಗುಲಾಲನ ಪಕ್ಕದಲ್ಲೇ ಬಾಯಿ ಹಾಕಿತು.

ತಿಂಗಳೊಳಗೆ ಆರರಲ್ಲಿ ಐದು ಕುದುರೆ ಸತ್ತವು ಎನ್ನುತ್ತಾರೆ. ಗುಲಾಲ ಉಸಿರು ಸಿಗದೆ ಮೂರು ದಿನ ಒದ್ದಾಡಿ ಸತ್ತಿತು. ಚುಕ್ಕಿಯ ಗಂಟು ಮಾತ್ರ ಒಡೆದು ಒಣಗಿತು. ಕುದುರೆ ಮೊದಲಿಗಿಂತ ಮೈತುಂಬಿಕೊಂಡಿತು. ದೇವರ ನ್ಯಾಯಕ್ಕಿಷ್ಟು ಬೆಂಕಿ ಬೀಳಲಿ! ಕಲ್ಲಿನಾಥ ಮತ್ತೆ ಬಂದಾಗ ಗುಲಾಲಜ್ಜ ಬರಿಯ ಜೀನನ್ನು ಹೆಗಲ ಮೇಲೆ ಹೊತ್ತು ಕಾಲ್ನಡಿಗೆಯಲ್ಲಿ ಬಂದು ಬೇವಿನ ಕೆಳಗೆ ಕೂತಿದ್ದ. ಬೈಯಲಿ, ಜೀನಿನ ಬಾರಿನಿಂದ ಬಡಿಯಲಿ ಎಂದು ಕಲ್ಲಿನಾಥ ಅವನ ಕಾಲು ಹಿಡಿದು ಎಲ್ಲವನ್ನೂ ಹೇಳಿದ. ಮುದುಕ ಎದ್ದು ಚುಕ್ಕಿಯ ಗಲ್ಲ ಎತ್ತಿ ಕಲೆ ನೋಡಿದ. ಆಮೇಲೆ ತೀರ ಮರ್ಯಾದೆಯಿಂದ ಕೇಳಿದ:

"ತಮ್ಮ ಹೆಸರೇನ್ರಿ? ಯಾವೂರವರು?"

ಕಲ್ಲಿನಾಥ ಹೆಸರು ಹೇಳಿದ, ಊರು ಹೇಳಿದ. ಮುದುಕ ತಲೆಯಾಡಿಸಿ, ಜೀನು ಹೊತ್ತು ಹೊರಟುಹೋದ. ಅಂದು ಕಲ್ಲಿನಾಥ ಹಾರೆ ತಂದು ಬಾನಿಯನ್ನು ಬೋರಲು ಹಾಕಿದ ಎನ್ನುತ್ತಾರೆ. ಒಬ್ಬನಿಂದ ಆಗುವ ಕೆಲಸವಲ್ಲ, ಆದರೂ ಹಾಕಿದ. ಬಾವಿಯ ಸುತ್ತ ಈಗ ಕಾಣುವ ಸಣ್ಣ ಕಲ್ಲುಮರಿಗೆಗಳು ಆಮೇಲಿನವು, ಕುದುರೆಗೊಂದರಂತೆ, ಒಂದಕ್ಕೊಂದು ಹತ್ತು ಮಾರು ದೂರದಲ್ಲಿ. ಬಾನಿಯ ಒಂದು ಅಂಚಿನಲ್ಲಿ ಹಾರೆಯ ಏಟಿನ ಗುರುತು ಇನ್ನೂ ಇದೆ. ಅದರ ಮೇಲೆ ನೆರಳಿಗೆ ಕೂತವರನ್ನು ಕಂಡರೆ ದನಕಾಯುವವರು ದೂರದಲ್ಲೇ ನಿಂತು ಮೊದಲು ಕೇಳುವುದೂ ಅದನ್ನೇ: ಹೆಸರೇನ್ರಿ, ಯಾವೂರವರು?