ಆಲಿಕಲ್ಲು ಬೇಸಿಗೆಗೇ ಬರುವುದೇಕೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹೊಳೆ ತನ್ನ ದಾರಿ ಹುಡುಕುತ್ತಿತ್ತು. ಗಾಳಿ ಕರೆದರೆ ಮೋಡ ಓಗೊಡುತ್ತಿತ್ತು. ಆಗ ಮನುಷ್ಯರು ಗುಹೆ ಬಿಟ್ಟು ಬಂದು, ಹೊಳೆಯ ದಂಡೆಯಲ್ಲಿ ಮೊಟ್ಟಮೊದಲ ಪಟ್ಟಣ ಕಟ್ಟಿದರು.

ಆ ಪಟ್ಟಣಕ್ಕೆಲ್ಲ ಹೆಂಚು ಮಾಡಿಕೊಟ್ಟವಳು ಮಾಳವ್ವ. ಮಣ್ಣು ತುಳಿಯುವವಳು ಅವಳೇ, ತಟ್ಟುವವಳು ಅವಳೇ, ಆವಿಗೆಯಲ್ಲಿ ಸುಡುವವಳೂ ಅವಳೇ. ಸಂಜೆ ದಿಬ್ಬದ ಮೇಲೆ ನಿಂತು ಸಾಲುಸಾಲು ಕೆಂಪು ಸೂರು ನೋಡಿದರೆ ಸಾಕು, ಅವಳಿಗೆ ಉಂಡಷ್ಟು ತೃಪ್ತಿ.

ಒಂದು ಚಳಿಗಾಲದ ಬೆಳಗ್ಗೆ ಪಟ್ಟಣದ ಮೇಲೆ ಮೋಡ ಬಂತು. ಆಗಿನ ಆಲಿಕಲ್ಲು ಈಗಿನಂತಲ್ಲ, ಒಂದೊಂದೂ ಕುಂಬಳಕಾಯಿ ಗಾತ್ರ! ದಢಾರ್, ದಢಾರ್ ಎಂದು ಬಿದ್ದವು. ಒಂದು ಕಲ್ಲು ಮಾಳವ್ವನ ಸೂರನ್ನೇ ತೂರಿಕೊಂಡು, ಮೊಮ್ಮಗಳ ತೊಟ್ಟಿಲ ಪಕ್ಕಕ್ಕೆ ಬಂದು ಬಿತ್ತು. ಸೊಸೆ ಈರಕ್ಕ ಎಳೆಗೂಸನ್ನು ಎದೆಗವಚಿಕೊಂಡು ಮೂಲೆಗೆ ಓಡಿದಳು.

ಮಾಳವ್ವ ಮತ್ತೆ ಹೆಂಚು ಸುಟ್ಟಳು. ಮತ್ತೆ ಮೋಡ ಬಂತು. ಮತ್ತೆ ಸೂರು ಒಡೆಯಿತು.

“ಈ ಪಟ್ಟಣದ ಸಹವಾಸವೇ ಬೇಡ, ಗುಹೆಗೇ ಹೋಗೋಣ” ಎಂದು ಜನ ಚಾಪೆ ಸುತ್ತತೊಡಗಿದರು. ಈರಕ್ಕನೂ ಗಂಟು ಕಟ್ಟಿದಳು. “ಅತ್ತೆ, ನೀವೂ ಹೊರಡಿ.”

“ಸ್ವಲ್ಪ ತಾಳು ಮಗಳೇ. ಕಲ್ಲು ಹಾಕೋನನ್ನ ಒಂದು ಮಾತು ಕೇಳಿ ಬರ್ತೀನಿ.”

ಒಡೆದ ಹೆಂಚಿನ ಚೂರನ್ನು ಮಡಿಲಲ್ಲಿ ಕಟ್ಟಿಕೊಂಡು ಮಾಳವ್ವ ಗುಡ್ಡ ಹತ್ತಿದಳು. “ಗಾಳಿಯಣ್ಣ, ಆ ಮೋಡಪ್ಪನನ್ನ ಚೂರು ಕೆಳಗೆ ಕರ್ಕೊಂಡು ಬಾ” ಎಂದಳು. ಗಾಳಿ ಮೋಡವನ್ನು ತಳ್ಳಿಕೊಂಡು ಬಂತು.

ಮೋಡದ ಮುಖದ ತುಂಬ ನಗು. “ಏನವ್ವ, ಇನ್ನಷ್ಟು ಬೇಕಿತ್ತಾ? ನಿಮ್ಮೂರಿನೋರು ಎಷ್ಟು ಜೋರಾಗಿ ಚಪ್ಪಾಳೆ ತಟ್ಟುತ್ತಾರೆ! ಕಾಡಲ್ಲಿ ಯಾರೂ ಹಾಗೆ ತಟ್ಟೋದಿಲ್ಲ.”

ಬಾಯ್ತುಂಬ ಬೈಗುಳ ತುಂಬಿಕೊಂಡು ಬಂದಿದ್ದ ಮಾಳವ್ವನಿಗೆ ಒಂದೂ ಹೊರಡಲಿಲ್ಲ. ಅವಳು ಹೆಂಚಿನ ಚೂರನ್ನು ಎತ್ತಿ ತೋರಿಸಿದಳು. “ಅದು ಚಪ್ಪಾಳೆ ಅಲ್ಲ ಕಣಪ್ಪ. ನಮ್ಮ ಸೂರು ಒಡೆದ ಸದ್ದು. ನನ್ನ ಮೊಮ್ಮಗಳು ಉಳಿದದ್ದೇ ಹೆಚ್ಚು.”

ಮೋಡದ ಮುಖ ಕಪ್ಪಿಟ್ಟಿತು. ಬಿಕ್ಕಿ ಬಿಕ್ಕಿ ಅಳತೊಡಗಿತು. ಕಣ್ಣೀರೂ ಗಡ್ಡೆ ಕಟ್ಟಿ ದಢಾರೆಂದು ಬಿತ್ತು.

“ಅಯ್ಯೋ, ಅಳಬೇಡಪ್ಪ!” ಮಾಳವ್ವ ಬಂಡೆಯ ಮರೆಗೆ ಸರಿದಳು. “ನೀನು ಅತ್ತರೂ ಕಲ್ಲೇ ಬೀಳುತ್ತೆ!”

“ಏನು ಮಾಡಲವ್ವ? ನನ್ನ ಹೊಟ್ಟೆಯೊಳಗೆ ಬರೀ ಚಳಿ. ಹೊತ್ತ ನೀರೆಲ್ಲ ಕಲ್ಲಾಗುತ್ತೆ. ಭಾರ ತಡೆಯೋಕಾಗದೆ ಕೈಬಿಡ್ತೀನಿ.”

ಮಾಳವ್ವ ಗಲ್ಲಕ್ಕೆ ಕೈಯಿಟ್ಟು ಕುಳಿತಳು. ಕೆಳಗೆ ಅವಳ ಆವಿಗೆಯಿಂದ ಬಿಸಿ ಹೊಗೆ ಏಳುತ್ತಿತ್ತು. ತಟ್ಟನೆ ಅವಳಿಗೆ ನೆನಪಾಯಿತು. ಊರೆಲ್ಲ ಕುಂಬಳಕಾಯಿ ಬಿದ್ದಾಗ, ಉರಿಯುವ ಆವಿಗೆಯ ಮೇಲೆ ಬಿದ್ದದ್ದು ಬರೀ ನೆಲ್ಲಿಕಾಯಿಯಷ್ಟು!

“ಬಿಸಿ ತಾಗಿದರೆ ನಿನ್ನ ಕಲ್ಲು ಸವೆಯುತ್ತೆ ಮೋಡಪ್ಪ!”

“ಊರಿಗಾಗುವಷ್ಟು ಬಿಸಿ ಎಲ್ಲಿಂದ ತರ್ತೀಯವ್ವ?”

ಆಗ ಕಾಲ ಕೆಳಗಿನಿಂದ ಭೂಮಿತಾಯಿ ಮೆಲ್ಲಗೆ ನುಡಿದಳು: “ನಾನಿಲ್ಲವೇ? ಬೇಸಿಗೆಯಲ್ಲಿ ಕಾವಲಿಯ ಹಾಗೆ ಕಾದಿರ್ತೀನಿ. ಆಗ ಸುರಿ. ನನ್ನ ಬಿಸಿ ಉಸಿರು ದಾರಿಯಲ್ಲೇ ಅವನ್ನು ಕರಗಿಸುತ್ತೆ.”

ಹೊಳೆಯೂ ದನಿಗೂಡಿಸಿತು: “ಚಳಿಗಾಲಕ್ಕೆ ನಿನ್ನ ನೀರು ನನ್ನ ಹತ್ತಿರವೇ ಇರಲಿ. ನೀನು ಹಗುರವಾಗಿ ತಿರುಗಾಡಿಕೊಂಡಿರು.”

ಮೋಡ ಕಣ್ಣೊರೆಸಿಕೊಂಡಿತು. “ಆದರೂ ಒಂದೊಂದು ಸಲ ದೊಡ್ಡದು ಜಾರಿಬಿಟ್ಟರೆ?”

“ಮೊದಲೇ ಕೂಗಿ ಹೇಳಪ್ಪ. ಮಕ್ಕಳನ್ನ ಒಳಗೆ ಕರ್ಕೋತೀವಿ” ಎಂದಳು ಮಾಳವ್ವ.

ಮಾಳವ್ವ ಗುಡ್ಡ ಇಳಿದು ಬಂದಾಗ ಈರಕ್ಕ ಗಂಟಿನ ಪಕ್ಕ ಕಾಯುತ್ತ ಕುಳಿತಿದ್ದಳು. “ಬಿಚ್ಚು ಮಗಳೇ. ನಾವೆಲ್ಲಿಗೂ ಹೋಗೋದಿಲ್ಲ.”

ಉಳಿದ ಚಳಿಗಾಲವೆಲ್ಲ ಮೋಡ ಅರಳೆಯಂತೆ ತೇಲಿಕೊಂಡಿತ್ತು. ಬೇಸಿಗೆ ಬಂತು. ಒಂದು ಸಂಜೆ ಎಲೆಯೂ ಅಲುಗದಂಥ ಸೆಖೆ. ಆಗ ಆಕಾಶದಿಂದ ಕೂಗು ಕೇಳಿಸಿತು: ಗುಡು ಗುಡು ಗುಡು! ಜನರೆಲ್ಲ ಒಳಗೆ ಓಡಿದರು. ಸೂರಿನ ಮೇಲೆ ಚಟಪಟ, ಚಟಪಟ. ಮಾಳವ್ವ ಕತ್ತೆತ್ತಿ ಹೆಂಚುಗಳನ್ನೇ ನೋಡುತ್ತ ನಿಂತಳು. ಒಂದು ಹೆಂಚೂ ಒಡೆಯಲಿಲ್ಲ.

ಮಳೆ ನಿಂತ ಮೇಲೆ ಈರಕ್ಕ ಮಗುವನ್ನು ಅಂಗಳದಲ್ಲಿ ಕೂರಿಸಿದಳು. ಮಗು ಒಂದು ಹರಳನ್ನು ಹೆಕ್ಕಿ ಬಾಯಿಗಿಟ್ಟು, ಮುಖ ಕಿವುಚಿ, ಆಮೇಲೆ ಕಿಲಕಿಲ ನಕ್ಕಿತು. ಮಾಳವ್ವ ಸೆರಗಿನಲ್ಲಿ ಬೆವರೊರೆಸಿಕೊಂಡು ತಾನೂ ಒಂದನ್ನು ಬಾಯಿಗೆ ಹಾಕಿಕೊಂಡಳು.

ಅದಕ್ಕೇ ಕಂದ, ಚಳಿಗಾಲದ ಮೋಡ ಬರಿಗೈಯಲ್ಲಿ ಬೆಳ್ಳಗೆ ತೇಲಿಹೋಗುತ್ತದೆ. ಮೈಯೆಲ್ಲ ಬೆವರುವ ಬೇಸಿಗೆಯ ಸಂಜೆಯಲ್ಲೇ, ಮೊದಲು ಗುಡುಗಿ ಎಚ್ಚರಿಸಿ, ನೀನು ಅಂಗೈಯಲ್ಲಿ ಹಿಡಿದು ಅಮ್ಮನಿಗೆ ತೋರಿಸುವಷ್ಟರಲ್ಲಿ ನೀರಾಗಿಬಿಡುವ ಆ ಪುಟ್ಟ ಪುಟ್ಟ ಆಲಿಕಲ್ಲುಗಳನ್ನು ಸುರಿಯುತ್ತದೆ.