ಎರಡೂ ಕಡೆ ಕೈ ಚಾಚಿದ ಕೋಶ

ಹಸುವಿನ ಹೊಟ್ಟೆಯಲ್ಲಿದ್ದ ಕರುವಿನ ಕಣ್ಣು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ಅಕ್ಷಿಪಟಲದಲ್ಲಿ ನರಕೋಶಗಳು ಪದರ ಪದರವಾಗಿ ಹೆಣೆದುಕೊಳ್ಳುತ್ತಿದ್ದವು. ಹೊಸದಾಗಿ ಬಂದ ಕೋಶವೊಂದು ತಾನು ಸೇರಬೇಕಾದ ಪದರ ಮೇಲಿದೆಯೋ ಕೆಳಗಿದೆಯೋ ತಿಳಿಯದೆ ಎರಡೂ ಕಡೆ ಕೈ ಚಾಚಿ ನಿಂತಿತು.

"ಒಂದು ಕೈ ಮಡಿಚು," ಎಂದಿತು ಪಕ್ಕದ ಹಿರಿಯ ಕೋಶ. "ಹೀಗೇ ನಿಂತರೆ ಬೇಡದ ಜಾಗದಲ್ಲೊಂದು ಪದರ ಬೆಳೆಯುತ್ತದೆ. ಆಗ ನೋಟ ಕಲಸಿಹೋಗಿ, ಎದುರಿಗೆ ಬರುವುದು ಯಾವುದು, ದೂರ ಹೋಗುವುದು ಯಾವುದು ಎಂದು ಕರುವಿಗೆ ತಿಳಿಯುವುದಿಲ್ಲ."

"ಮಡಿಚಿದ ಕೈಯೇ ಸರಿಯಾದದ್ದಾಗಿದ್ದರೆ?"

"ಒಂಟಿಯಾಗಿ ಯೋಚಿಸಿದರೆ ಅದು ಯಾರಿಗೂ ತಿಳಿಯದು. ನನಗೂ ತಿಳಿದಿರಲಿಲ್ಲ. ಮೊದಲು ಪಕ್ಕದವರನ್ನು ಮುಟ್ಟು."

ಹೊಸ ಕೋಶ ಅಳುಕುತ್ತಲೇ ಪಕ್ಕಕ್ಕೊಂದು ಎಳೆ ಚಾಚಿತು. ಅದು ಹಿರಿಯ ಕೋಶಕ್ಕೆ ತಗುಲಿದ್ದೇ ತಡ, ಮೇಲಿನ ಕೈ ತಾನಾಗಿ ಸಡಿಲಿ ಒಳಗೆ ಸೇರಿತು. ಕೆಳಗಿನ ಕೈ ನೆಟ್ಟಗೆ ತನ್ನ ಪದರಕ್ಕೆ ಇಳಿಯಿತು.

"ಇಷ್ಟೇನಾ?" ಎಂದು ಕೋಶ ನಿಟ್ಟುಸಿರು ಬಿಟ್ಟಿತು.

"ಇಷ್ಟೇ. ನಿನ್ನ ಆಚೆ ಪಕ್ಕದಲ್ಲಿ ಇನ್ನೊಂದು ಹೊಸ ಕೋಶ ಬಂದು ನಿಂತಿದೆ. ಅದರ ಕಡೆಗೂ ಒಂದು ಎಳೆ ಚಾಚು."

ಕರು ಹುಟ್ಟಿ ಕಣ್ಣು ತೆರೆದಾಗ ಏನೋ ಒಂದು ಹತ್ತಿರ ಬರುತ್ತಿತ್ತು. ಅದು ತನ್ನ ಕಡೆಗೇ ಬರುತ್ತಿದೆ ಎಂದು ಕರುವಿಗೆ ತಿಳಿಯಿತು. ತಾಯಿಯ ನಾಲಿಗೆಗೆ ಮುಖ ಒಡ್ಡಿತು.