ಗೀಚಾಚಾರಿ ಬರೆದ ಗೋಡೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದ ಕಾಲದಲ್ಲಿ, ಬಳಪದ ಗುಡ್ಡದ ತಪ್ಪಲಲ್ಲಿ ಒಂದೂರಿತ್ತಂತೆ. ಆ ಊರಲ್ಲಿ ಮಾನಾಚಾರಿ ಅಂತ ಒಬ್ಬ ಶಿಲ್ಪಿಯಿದ್ದನಂತೆ. ಮಿಕ್ಕ ಆಚಾರಿಗಳು ಕಲ್ಲು ಕಂಡ ಕೂಡಲೇ ಉಳಿ ಎತ್ತಿದರೆ, ಇವನು ಎತ್ತುತ್ತಿದ್ದದ್ದು ಬಳಪ. ನೀರು ಸೇದುವವರು, ರಾಗಿ ಬೀಸುವವರು, ಸುಮ್ಮನೆ ಆಕಳಿಸುವವರು, ಯಾರು ಕಂಡರೂ ಅವರ ನಿಲುವು, ಮೈಕಟ್ಟು ಬರೆದುಕೊಳ್ಳುವನು. ಬಂಡೆ ತುಂಬಿತು, ಜಗಲಿ ತುಂಬಿತು, ಹೆಂಡತಿಯ ರೊಟ್ಟಿ ಹೆಂಚಿನ ಮಸಿ ಬೆನ್ನನ್ನೂ ಬಿಡಲಿಲ್ಲವಂತೆ. ಊರವರು ಅವನನ್ನು ಗೀಚಾಚಾರಿ ಅಂತಲೇ ಕರೆದರು. ಅವನು ನಕ್ಕು, ತಪ್ಪಿದ ಗೆರೆ ಅಂಗೈಯಲ್ಲಿ ಒರೆಸಿದರೆ ಹೋಗುತ್ತೆ, ತಪ್ಪಿದ ಉಳಿಪೆಟ್ಟು ಹೋಗುತ್ತಾ ಅನ್ನುತ್ತಿದ್ದ.

ಒಂದು ಸಲ ಊರಮ್ಮನ ವಿಗ್ರಹ ಕಡೆಯುವ ಕೆಲಸ ಅವನ ಪಾಲಿಗೆ ಬಂತು. ತಿಂಗಳುಗಳು ಉರುಳಿದವು, ಕಲ್ಲಿಗೆ ಒಂದೇಟೂ ಬೀಳಲಿಲ್ಲ. ಅಮ್ಮ ಹೇಗೆ ನಿಲ್ಲುತ್ತಾಳೆ ಅನ್ನುವುದೇ ಅವನಿಗೆ ಹೊಳೆಯದು. ನೆಟ್ಟಗೆ ನಿಲ್ಲಿಸಿದರೆ ಕಂಬ, ಬಳುಕಿಸಿದರೆ ಕುಣಿಯುವವಳು! ಊರಗೌಡರು ಬಂದು, ಬರುವ ಅಮಾವಾಸ್ಯೆಯೊಳಗೆ ಉಳಿ ಇಡದಿದ್ದರೆ ಕಲ್ಲು ಬೇರೆ ಆಚಾರಿಗೆ ಅಂತ ಖಡಾಖಂಡಿತ ಹೇಳಿಬಿಟ್ಟರು. ಮಾನಾಚಾರಿಗೆ ಅನ್ನ ಸೇರದಾಯಿತು. ಮನೆ ಬಾಗಿಲಿಗೆ ಬಂದ ದೇವಿ ಹಾಗೇ ಹೊರಟುಹೋಗುತ್ತಾಳಲ್ಲ ಅಂತ ಒಳಗೊಳಗೇ ಅತ್ತ.

ಅಮಾವಾಸ್ಯೆಯ ಹಿಂದಿನ ದಿನ ಅದೇ ಯೋಚನೆಯಲ್ಲಿ ನಡೆಯುತ್ತಾ ನಡೆಯುತ್ತಾ, ಸೂಲಗಿತ್ತಿ ಪುಟ್ಟನಿಂಗವ್ವನ ಗೋಡೆ ಮೇಲೆ ಗೀಚಿಬಿಟ್ಟ. ಹೊಸದಾಗಿ ಕೆಮ್ಮಣ್ಣು ಬಳಿದ ಗೋಡೆ! ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡೇ ಅವಳು ಹೊರಗೆ ಬಂದಳು. ಒಂದು ಕಾಲಿನ ಮೇಲೆ ಭಾರ ಹಾಕಿದಳು, ಖಾಲಿ ಕೈಯನ್ನು ಸೊಂಟಕ್ಕಿಟ್ಟಳು.

"ಏನ್ ಆಚಾರಪ್ಪ, ಕಣ್ ಕಾಣಾಕಿಲ್ವಾ ನಿಂಗೆ? ನೆನ್ನೆ ತಾನೆ ಬಳ್ದಿದ್ ಗೋಡೆ ಕಣಯ್ಯ! ಗೀಚಾಕೆ ನಿಮ್ಮನೆ ಗೋಡೆ ಸಾಲ್ದೇ ಹೋಯ್ತಾ?"

ಆಚಾರಿ ಬಾಯಿ ಬಿಟ್ಟುಕೊಂಡು ನೋಡಿದ.

"ಅವ್ವಾ, ನಿನ್ನ ದಮ್ಮಯ್ಯ, ಅಂಗೇ ನಿಂತ್ಕೊ. ಬಯ್ತಾನೇ ಇರು!"

ಅವಳು ಬೈಯುವುದು ನಿಲ್ಲಿಸಲಿಲ್ಲ, ಇವನು ಬರೆಯುವುದು ನಿಲ್ಲಿಸಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಗೋಡೆ ತುಂಬಾ ಪುಟ್ಟನಿಂಗವ್ವ. ಮಾರನೆಯ ಬೆಳಿಗ್ಗೆ ಕಲ್ಲಿಗೆ ಉಳಿ ಬಿತ್ತಂತೆ.

ಪ್ರತಿಷ್ಠೆಯ ದಿನ ಪರದೆ ಸರಿಸಿದರೆ, ಸೊಂಟದ ಮೇಲೆ ಕೈ, ಕಂಕುಳಲ್ಲಿ ಕೂಸು, ಈಗ ಬೈದಾಳು ಅನ್ನುವ ಮುಖ. ಗೌಡರು ತಮಗೇ ಅರಿವಿಲ್ಲದೆ "ತಪ್ಪಾಯ್ತು ತಾಯಿ" ಅಂತ ಕೈ ಮುಗಿದರಂತೆ. ಪುಟ್ಟನಿಂಗವ್ವ ಮಾತ್ರ ಅತ್ತಿತ್ತ ನೋಡಿ, ನನ್ನ ಸೊಂಟ ಇಷ್ಟು ದಪ್ಪ ಇಲ್ಲ ಅಂದಳಂತೆ.

ಇವತ್ತಿಗೂ ಆ ಊರಲ್ಲಿ ಮಕ್ಕಳು ಹೊಸ ಗೋಡೆ ಮೇಲೆ ಬಳಪದಲ್ಲಿ ಗೀಚಿದರೆ, ತಾಯಂದಿರು ಸೊಂಟಕ್ಕೆ ಕೈಯಿಟ್ಟು ಮನಸಾರೆ ಬೈಯುತ್ತಾರೆ. ಆದರೆ ಒರೆಸುವುದಿಲ್ಲ.